ಹೆಣಿಗೆ ಯಂತ್ರ: ಯಾವುದು ಯಾರಿಗೆ, ದೊಡ್ಡ ಯಂತ್ರದ ಭಯ ಬಿಡುವುದು ಹೇಗೆ

ಹೆಣಿಗೆ ಯಂತ್ರ ಅಂದ ತಕ್ಷಣ ಗುಂಡಿ ಒತ್ತಿದರೆ ಸ್ವೆಟರ್ ಉದುರುತ್ತದೆ ಅಂದುಕೊಳ್ಳುವವರೇ ಜಾಸ್ತಿ. ಹಾಗಿದ್ದಿದ್ದರೆ ಮೊದಲ ತಿಂಗಳು ನಾನು ಅಷ್ಟೊಂದು ನೂಲು ಬಿಚ್ಚಿ ಬಿಚ್ಚಿ ಉಂಡೆ ಸುತ್ತಬೇಕಾಗಿರಲಿಲ್ಲ. ಇದು ಕೈಯಿಂದ ನಡೆಸುವ ಯಂತ್ರ. ಉದ್ದನೆಯ ಬೆಡ್, ಅದರಲ್ಲಿ ಸಾಲಾಗಿ ಕೂತ ಸೂಜಿಗಳು, ಮೇಲೆ ಆ ಕಡೆಯಿಂದ ಈ ಕಡೆಗೆ ಎಳೆಯುವ ಕ್ಯಾರೇಜ್. ಒಂದು ಸಲ ಎಳೆದರೆ ಒಂದು ಸಾಲು. ಕಡ್ಡಿಯಲ್ಲಿ ಐದಾರು ನಿಮಿಷ ಹಿಡಿಯುವ ಸಾಲು ಇಲ್ಲಿ ಎರಡು ಸೆಕೆಂಡಿನಲ್ಲಿ ಮುಗಿಯುತ್ತದೆ. ತಪ್ಪೂ ಅಷ್ಟೇ ವೇಗದಲ್ಲಿ ಆಗುತ್ತದೆ, ಅದೇ ತಲೆನೋವು.

ಇನ್ನೂ ಯಂತ್ರ ಕೊಳ್ಳದವರು ಮತ್ತು ದೊಡ್ಡ ಯಂತ್ರ ಕೊಂಡು ಅದರ ಮೇಲೆ ಹಳೇ ಬೆಡ್‌ಶೀಟ್ ಹೊದಿಸಿಟ್ಟವರು, ಇಬ್ಬರಿಗೂ ಇದನ್ನು ಬರೆಯುತ್ತಿದ್ದೇನೆ. ನಾನು ಆ ಎರಡನೇ ಗುಂಪಿನಲ್ಲಿದ್ದೆ. ತೂತು ಹೊಡೆದ ಕಾರ್ಡ್ ಓದಿ ಡಿಸೈನ್ ಹಾಕುವ ನನ್ನ ಪಂಚ್‌ಕಾರ್ಡ್ ಯಂತ್ರ ನಾಲ್ಕು ತಿಂಗಳು ಮಂಚದ ಕೆಳಗೆ ಮಲಗಿತ್ತು. ಹೊರಗೆ ತೆಗೆದಾಗಲೆಲ್ಲ ಡಿಸೈನ್ ಹಾಕಲು ಹೋಗಿ, ಕೆಡಿಸಿಕೊಂಡು, ಮತ್ತೆ ಒಳಗೆ ತಳ್ಳುತ್ತಿದ್ದೆ. ಡಿಸೈನ್ ಪುಸ್ತಕ ಮುಚ್ಚಿಟ್ಟು ರಿಪೇರಿ ಕಲಿಯಲು ಕೂತ ವಾರದಿಂದ ಅದು ನನ್ನ ಮಾತು ಕೇಳತೊಡಗಿತು. ಕುಣಿಕೆ ಬಿದ್ದರೆ ಎತ್ತುವುದು, ಕ್ಯಾರೇಜ್ ಸಿಕ್ಕಿಹಾಕಿಕೊಂಡರೆ ಬಿಡಿಸುವುದು, ಹೆಣೆದ ಸಾಲನ್ನು ವಾಪಸ್ ಬಿಚ್ಚುವುದು. ಈ ಮೂರು ಬಂದರೆ ಯಾವ ಯಂತ್ರದ ಮುಂದೆಯೂ ಕೂರಬಹುದು. ಉಳಿದದ್ದನ್ನೆಲ್ಲ ಮ್ಯಾನುವಲ್ ಹೇಳಿಕೊಡುತ್ತದೆ.

ಮೊದಲು ಒಂದೇ ಒಂದು ಸೂಜಿ

ಯಾವ ಯಂತ್ರವೇ ಇರಲಿ, ಕ್ಯಾರೇಜ್ ಮುಟ್ಟುವ ಮೊದಲು ಒಂದು ಸೂಜಿಯನ್ನು ಕೈಯಿಂದ ನಡೆಸಿ ನೋಡಿ. ಹತ್ತು ನಿಮಿಷದ ಕೆಲಸ, ಯಾರೂ ಮಾಡುವುದಿಲ್ಲ.

ಸೂಜಿಯ ತುದಿಯಲ್ಲಿ ಕೊಕ್ಕೆ ಇದೆ, ಅದರ ಹಿಂದೆ ಸಣ್ಣ ನಾಲಿಗೆ. ಅದನ್ನು ಲ್ಯಾಚ್ ಅಂತಾರೆ. ಕೊಕ್ಕೆಯಲ್ಲಿ ಒಂದು ಕುಣಿಕೆ ಇದೆ ಅಂದುಕೊಳ್ಳಿ. ಸೂಜಿಯನ್ನು ಬುಡದ ಗುಬುಟಿನಿಂದ ಮುಂದಕ್ಕೆ ತಳ್ಳಿ. ಕುಣಿಕೆ ನಾಲಿಗೆಯನ್ನು ತೆರೆಯುತ್ತಾ ಅದರ ಹಿಂದಕ್ಕೆ ಜಾರುತ್ತದೆ. ಈಗ ಹೊಸ ನೂಲನ್ನು ಕೊಕ್ಕೆಯೊಳಗೆ ಇಡಿ. ಸೂಜಿಯನ್ನು ನಿಧಾನವಾಗಿ ಹಿಂದಕ್ಕೆ ಎಳೆಯಿರಿ. ಹಳೇ ಕುಣಿಕೆ ಮುಂದೆ ಬರುತ್ತಾ ನಾಲಿಗೆಯನ್ನು ಎತ್ತಿ ಕೊಕ್ಕೆ ಮುಚ್ಚುತ್ತದೆ, ಮುಚ್ಚಿದ ಕೊಕ್ಕೆಯ ಮೇಲಿಂದ ಜಾರಿ ಕೆಳಗೆ ಬೀಳುತ್ತದೆ. ಒಳಗೆ ಹೊಸ ಕುಣಿಕೆ ಉಳಿಯಿತು. ಇಷ್ಟೇ. ಒಂದು ಹೆಣಿಗೆ ಆಯಿತು.

ಇಂಗ್ಲೆಂಡಿನ ವಿಲಿಯಂ ಲೀ 1589ರಲ್ಲಿ ಕಾಲುಚೀಲ ಹೆಣೆಯುವ ಚೌಕಟ್ಟು ಮಾಡಿದಾಗ ಈ ನಾಲಿಗೆ ಇರಲಿಲ್ಲ. ಅದರ ಸೂಜಿಯ ಬಾಗಿದ ತುದಿಯನ್ನು ಪ್ರತಿ ಸಲ ಒತ್ತಿ ಮುಚ್ಚಬೇಕಾಗಿತ್ತು. ಲೆಸ್ಟರ್‌ನ ಮ್ಯಾಥ್ಯೂ ಟೌನ್‌ಸೆಂಡ್ ನಾಲಿಗೆ ಇರುವ ಸೂಜಿಗೆ ಪೇಟೆಂಟ್ ಪಡೆದದ್ದು 1849ರಲ್ಲಿ. ತನ್ನಷ್ಟಕ್ಕೆ ತೆರೆದು ಮುಚ್ಚುವ ಸೂಜಿ ಬಂದ ಮೇಲೆಯೇ ಯಂತ್ರ ಇಷ್ಟು ಚಿಕ್ಕದಾಗಿ ಮನೆಯ ಮೇಜಿನ ಮೇಲೆ ಬರಲು ಆಗಿದ್ದು. ನಿಮ್ಮ ಯಂತ್ರದಲ್ಲಿ ಏನೇ ಕೆಟ್ಟರೂ ಹೆಚ್ಚಿನ ಪಾಲು ಅದು ಈ ನಾಲಿಗೆಯ ಕಥೆ. ನಾಲಿಗೆ ತೆರೆಯಲಿಲ್ಲ, ಅಥವಾ ಮುಚ್ಚಲಿಲ್ಲ, ಅಥವಾ ನೂಲು ಕೊಕ್ಕೆಯೊಳಗೆ ಬೀಳಲಿಲ್ಲ.

ಕ್ಯಾರೇಜ್ ಮಾಡುವುದೂ ನೀವು ಈಗ ಕೈಯಲ್ಲಿ ಮಾಡಿದ್ದನ್ನೇ. ಅದನ್ನು ತಿರುಗಿಸಿ ಹೊಟ್ಟೆ ನೋಡಿ. ಒಳಗೆ ದಾರಿಗಳಿವೆ. ಸೂಜಿಯ ಗುಬುಟು ಒಂದು ಕಡೆಯಿಂದ ಹೊಕ್ಕು, ದಾರಿ ಹೇಳಿದಂತೆ ಮುಂದೆ ಹೋಗಿ ಹಿಂದೆ ಬಂದು ಇನ್ನೊಂದು ಕಡೆ ಹೊರಬೀಳುತ್ತದೆ. ಮೇಲಿನ ಗುಂಡಿ ಒತ್ತಿದರೆ ಒಳಗಿನ ಒಂದು ಬಾಗಿಲು ಮುಚ್ಚಿ ಇನ್ನೊಂದು ತೆರೆಯುತ್ತದೆ. ಟಕ್, ಸ್ಲಿಪ್, ಫೇರ್ ಐಲ್ (ಎರಡು ಬಣ್ಣದ ಹೆಣಿಗೆ) ಎಂಬ ಹೆಣಿಗೆಯ ಬಗೆಗಳ ಹೆಸರು ಕೇಳಿ ಬೆವರುವವರು ಒಮ್ಮೆ ಗುಂಡಿ ಒತ್ತುತ್ತಾ ಆ ಬಾಗಿಲುಗಳು ಆಡುವುದನ್ನು ನೋಡಿಬಿಡಿ, ಅರ್ಧ ಹೆದರಿಕೆ ಅಲ್ಲೇ ಇಳಿಯುತ್ತದೆ.

ಯಾವ ಯಂತ್ರ ಯಾರಿಗೆ

ಕೊಳ್ಳುವ ಮುಂಚೆ ಒಂದು ಅಳತೆ ಗೊತ್ತಿರಲಿ, ಗೇಜ್. ಒಂದು ಸೂಜಿಯಿಂದ ಪಕ್ಕದ ಸೂಜಿಗೆ ಎಷ್ಟು ದೂರ ಎಂಬುದು. 4.5 ಮಿ.ಮೀ. ಇದ್ದರೆ ಸ್ಟ್ಯಾಂಡರ್ಡ್, ಸಾಮಾನ್ಯವಾಗಿ 200 ಸೂಜಿ, ತೆಳ್ಳಗಿನ ನೂಲಿಗೆ. 6.5 ಮಿ.ಮೀ. ಮಧ್ಯಮ. 9 ಮಿ.ಮೀ. ಬಲ್ಕಿ, ದಪ್ಪ ಉಲ್ಲನ್‌ಗೆ, 110ರ ಆಸುಪಾಸು ಸೂಜಿ. 3.6 ಮಿ.ಮೀ.ಯ ಫೈನ್ ಗೇಜ್ ಕೂಡ ಇದೆ, ರೇಷ್ಮೆಯಂಥ ನೂಲಿಗೆ. ನಿಮ್ಮ ಮನೆಯಲ್ಲಿ ಯಾವ ನೂಲು ರಾಶಿ ಬಿದ್ದಿದೆಯೋ ಅದಕ್ಕೆ ಹೊಂದುವ ಗೇಜ್ ಕೊಳ್ಳಿ. ಕೈಹೆಣಿಗೆಯ ದಪ್ಪ ಉಲ್ಲನ್ ಕಟ್ಟಿಕೊಂಡು ಸ್ಟ್ಯಾಂಡರ್ಡ್ ಯಂತ್ರ ಕೊಂಡವರು ಎರಡನೇ ದಿನವೇ ಯಂತ್ರವನ್ನು ಬೈಯುತ್ತಾರೆ. ಅದರ ತಪ್ಪೇನಿಲ್ಲ ಪಾಪ.

ಹಿಡಿಕೆ ತಿರುಗಿಸುವ ದುಂಡು ಯಂತ್ರಗಳಿಂದ ಶುರು ಮಾಡುವವರು ಬಹಳ. ಆಡಿ ಎಕ್ಸ್‌ಪ್ರೆಸ್‌ನಲ್ಲಿ 22 ಸೂಜಿಯದು, 46 ಸೂಜಿಯದು ಇವೆ. ಸೆಂಟ್ರೋದ 48 ಸೂಜಿಯದು ಟೋಪಿ ಮಾಡುವವರ ಅಚ್ಚುಮೆಚ್ಚು. ಕೊಳವೆಯಂತೆ ಹೆಣೆಯುತ್ತದೆ, ಬೇಕಾದರೆ ಚಪ್ಪಟೆ ತುಂಡೂ ಆಗುತ್ತದೆ. ಕುಣಿಕೆಯ ಗಾತ್ರ ಬದಲಿಸಲು ಡಯಲ್ ಇಲ್ಲ, ನೂಲನ್ನು ಎಷ್ಟು ಬಿಗಿಯಾಗಿ ಬಿಡುತ್ತೀರಿ ಎಂಬುದೇ ಎಲ್ಲ. ಆಟಿಕೆ ಅಂತ ಮೂಗು ಮುರಿಯುವವರಿದ್ದಾರೆ. ನಾನು ಮುರಿಯುವುದಿಲ್ಲ, ಟೋಪಿ ಬೇಕಿದ್ದರೆ ಒಂದು ಸಂಜೆಯಲ್ಲಿ ಟೋಪಿ ಸಿಗುತ್ತದೆ. ಆದರೆ ಸ್ವೆಟರ್ ಆಸೆ ಇದ್ದರೆ ಇದರ ಮೇಲೆ ಹಣ ಹಾಕಬೇಡಿ.

ಚಪ್ಪಟೆ ಬೆಡ್ಡಿನ ಯಂತ್ರದಲ್ಲಿ ಹೊಸಬರಿಗೆ ನಾನು ಕಣ್ಣು ಮುಚ್ಚಿ ಹೇಳುವುದು ಸಿಲ್ವರ್ ರೀಡ್ ಎಲ್‌ಕೆ-150. ಪ್ಲಾಸ್ಟಿಕ್ ಬೆಡ್, 150 ಸೂಜಿ, 6.5 ಮಿ.ಮೀ. ಹಗುರ. ಪಂಚ್‌ಕಾರ್ಡ್ ಇಲ್ಲ, ಕರೆಂಟ್ ಇಲ್ಲ. ಡಿಸೈನ್ ಬೇಕಾದರೆ ಸೂಜಿಗಳನ್ನು ನೀವೇ ಕೈಯಿಂದ ಆರಿಸಬೇಕು. ಇದೇ ಅದರ ಒಳ್ಳೆಯ ಗುಣ, ಯಾಕೆಂದರೆ ಯಂತ್ರ ನಿಮ್ಮ ಬೆನ್ನ ಹಿಂದೆ ಏನೂ ಮಾಡುವುದಿಲ್ಲ. ಮಧ್ಯಮ ದಪ್ಪದ ನೂಲು ಚೆನ್ನಾಗಿ ನಡೆಯುತ್ತದೆ. ಕೊರತೆ ಅಂದರೆ ರಿಬ್ಬರ್, ಅಂದರೆ ರಿಬ್ (ಉದ್ದುದ್ದ ಉಬ್ಬು ಗೆರೆಯ, ಹಿಗ್ಗುವ ಹೆಣಿಗೆ) ಹೆಣೆಯುವ ಎರಡನೇ ಬೆಡ್, ಇದಕ್ಕೆ ಇಲ್ಲ. ಸ್ವೆಟರಿನ ಅಂಚಿನ ರಿಬ್ ಬೇಕೆಂದರೆ ಒಂದೊಂದೇ ಕುಣಿಕೆ ಬೀಳಿಸಿ ಲ್ಯಾಚ್ ಟೂಲಿನಿಂದ ತಿರುಗಿಸಿ ಎತ್ತಬೇಕು.

ಹಳೇ ಬಾಂಡ್ ಯಂತ್ರ, ಅದೇ ಬಗೆಯ ಅಲ್ಟಿಮೇಟ್ ಸ್ವೆಟರ್ ಮೆಷಿನ್, ಇವಕ್ಕೂ ಅಭಿಮಾನಿಗಳಿದ್ದಾರೆ. ಕುಣಿಕೆ ಗಾತ್ರಕ್ಕೆ ಡಯಲ್ ಬದಲು ಬೇರೆ ಬೇರೆ ಪ್ಲೇಟ್ ಸಿಕ್ಕಿಸಬೇಕು. ದಪ್ಪ ನೂಲಿಗೆ ಸರಿ. ನನಗೆ ಒಗ್ಗಲಿಲ್ಲ.

ಬ್ರದರ್‌ನ ಪಂಚ್‌ಕಾರ್ಡ್ ಯಂತ್ರಗಳ ಹೆಸರು ಹೇಳಿದರೆ ಹವ್ಯಾಸಿಗಳ ಮುಖ ಅರಳುತ್ತದೆ. ಕೆಎಚ್-860, ಕೆಎಚ್-868, ಕೆಎಚ್-881, ಕೆಎಚ್-891. ಎಲ್ಲ 4.5 ಮಿ.ಮೀ., ಎಲ್ಲಕ್ಕೂ 24 ಕುಣಿಕೆ ಅಗಲದ ಕಾರ್ಡ್. ದಪ್ಪ ನೂಲಿಗೆ ಕೆಎಚ್-260, ಅದರಲ್ಲೂ ಕಾರ್ಡ್ 24ರದ್ದೇ. ಬ್ರದರ್ ಈ ಯಂತ್ರಗಳನ್ನು ಮಾಡುವುದು ನಿಲ್ಲಿಸಿ ಎಷ್ಟೋ ಕಾಲವಾಯಿತು, ಸಿಗುವುದೆಲ್ಲ ಯಾರೋ ಬಳಸಿ ಬಿಟ್ಟದ್ದು. ಆದರೂ ಜನ ಹುಡುಕಿ ಕೊಳ್ಳುತ್ತಾರೆ. ಕಬ್ಬಿಣದ ಬೆಡ್, ಬಿಡಿಭಾಗ ಬೇಕಾದಷ್ಟು, ಒಂದರದ್ದು ಇನ್ನೊಂದಕ್ಕೆ ಕೂರುವುದೂ ಜಾಸ್ತಿ. ಅದೇ ಅಚ್ಚಿನಲ್ಲಿ ಟೈಟೆಕ್ಸ್‌ಮಾ ಹೆಸರಿನ ಚೀನಾದ ಯಂತ್ರಗಳೂ ಇವೆ.

ಕಲಿಯುವವರಿಗೆ ಬ್ರದರ್‌ನ ಇನ್ನೊಂದು ಗುಣ ಮುಖ್ಯ. ಡಿಸೈನ್ ಹಾಕುವಾಗ ಮುಂದಿನ ಸಾಲಿಗೆ ಬೇಕಾದ ಸೂಜಿಗಳನ್ನು ಅದು ಮೊದಲೇ ಆರಿಸಿ ಮುಂದಕ್ಕೆ ನಿಲ್ಲಿಸುತ್ತದೆ. ನೀವು ಕಣ್ಣಾರೆ ನೋಡಬಹುದು, ತಪ್ಪಿದ್ದರೆ ಬೆರಳಿನಿಂದ ತಿದ್ದಬಹುದು. ಸಿಲ್ವರ್ ರೀಡ್‌ನ ಎಸ್‌ಕೆ-280ರಂಥ ಯಂತ್ರ ಆರಿಸುವುದನ್ನೂ ಹೆಣೆಯುವುದನ್ನೂ ಒಂದೇ ಎಳೆತದಲ್ಲಿ ಮುಗಿಸಿಬಿಡುತ್ತದೆ. ಅದು ಸರಾಗ, ಆದರೆ ಸಾಲು ಮುಗಿಯುವವರೆಗೆ ಏನಾಯಿತು ಅಂತ ಗೊತ್ತಾಗುವುದಿಲ್ಲ. ಲೇಸ್ ವಿಷಯಕ್ಕೆ ಬಂದರೆ ತಕ್ಕಡಿ ಆ ಕಡೆ ವಾಲುತ್ತದೆ. ಸಿಲ್ವರ್ ರೀಡ್‌ನ ಲೇಸ್ ಕ್ಯಾರೇಜ್ ಕುಣಿಕೆ ಸರಿಸುತ್ತಾ ಹೆಣೆಯಲೂಬಲ್ಲದು, ಬ್ರದರ್‌ನದು ಸರಿಸುತ್ತದೆ ಅಷ್ಟೇ, ಹೆಣೆಯಲು ಇನ್ನೊಂದು ಕ್ಯಾರೇಜ್ ತರಬೇಕು.

ಎಲೆಕ್ಟ್ರಾನಿಕ್ ಯಂತ್ರಗಳಿಗೆ ಕಾರ್ಡಿನ 24 ಕುಣಿಕೆಯ ಮಿತಿ ಇಲ್ಲ. ಬ್ರದರ್ ಕೆಎಚ್-910, ಕೆಎಚ್-930, ಕೆಎಚ್-940, ಕೊನೆಯ ಕಾಲದ ಕೆಎಚ್-970, ಸಿಲ್ವರ್ ರೀಡ್ ಎಸ್‌ಕೆ-840. ಕೆಲವದರಲ್ಲಿ ಬೆಡ್ಡಿನ ಅಗಲಕ್ಕೂ ಒಂದೇ ಚಿತ್ರ ಹೆಣೆಯಬಹುದು. ಕೆಎಚ್-910, 930ರಂಥ ಯಂತ್ರಗಳ ಹಳೇ ಬೋರ್ಡ್ ತೆಗೆದು ಆರ್ಡುಯಿನೋ ಎಂಬ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡ್ ಕೂರಿಸಿ ಕಂಪ್ಯೂಟರಿನಿಂದ ನೇರ ಚಿತ್ರ ಕಳಿಸುವ ಅಯಾಬ್ ಎಂಬ ವ್ಯವಸ್ಥೆಯನ್ನು ಹವ್ಯಾಸಿಗಳೇ ಕಟ್ಟಿ ಎಲ್ಲರಿಗೂ ಬಿಟ್ಟಿದ್ದಾರೆ. ಒಂದು ಎಚ್ಚರ: ಜಪಾನಿನೊಳಗೆ ಮಾರಿದ ಯಂತ್ರಗಳು 100 ವೋಲ್ಟಿನವು. ಪ್ಲಗ್ ಹಾಕುವ ಮೊದಲು ಹಿಂದಿನ ಚೀಟಿ ಓದಿ. ಮತ್ತೆ, ಮೊದಲ ಯಂತ್ರವಾಗಿ ಎಲೆಕ್ಟ್ರಾನಿಕ್ ಬೇಡ ಅಂತಲೇ ನನ್ನ ಮಾತು. ತಪ್ಪು ಕೈಯದೋ, ಸೂಜಿಯದೋ, ಸರ್ಕ್ಯೂಟಿನದೋ ಅಂತ ಪತ್ತೆ ಹಚ್ಚುವುದರಲ್ಲೇ ಆಸಕ್ತಿ ಬತ್ತಿಹೋಗುತ್ತದೆ.

ಕೊನೆಗೆ ಪಾಸಾಪ್. ಸ್ವಿಟ್ಜರ್ಲೆಂಡಿನ ಯಂತ್ರ, ಡ್ಯುವೋಮ್ಯಾಟಿಕ್ 80 ಮತ್ತು ಎಲೆಕ್ಟ್ರಾನಿಕ್ ಇ6000 ಹೆಸರಾದವು. ಎರಡು ಬೆಡ್ ಹುಟ್ಟಿನಿಂದಲೇ ಜೋಡಿ. ಬಟ್ಟೆಗೆ ತೂಕ ನೇತು ಹಾಕಬೇಕಿಲ್ಲ, ಸ್ಟ್ರಿಪ್ಪರ್ ಎಂಬ ಪಟ್ಟಿಗಳು ಕುಣಿಕೆಯನ್ನು ಕೆಳಗೆ ಹಿಡಿಯುತ್ತವೆ. ಸೂಜಿ ಆರಿಸಲು ಪುಷರ್ ಎಂಬ ಬೇರೆ ಸಾಲೇ ಇದೆ. ಬ್ರದರ್‌ನಲ್ಲಿ ಕಲಿತ ಕೈಗೆ ಇದು ಬೇರೆ ಭಾಷೆ. ಅದನ್ನೇ ಪ್ರೀತಿಸುವವರು ಬೇರೆ ಯಂತ್ರದ ಕಡೆ ತಿರುಗಿಯೂ ನೋಡುವುದಿಲ್ಲ.

ಹಳೇ ಯಂತ್ರ ಮನೆಗೆ ಬಂದ ದಿನ

ಹೆಣೆಯಲು ಕೂರಬೇಡಿ. ಗೊತ್ತು, ಕೈ ತಡೆಯುವುದಿಲ್ಲ. ಆದರೂ ಬೇಡ.

ಬೆಡ್ಡಿನ ಮುಂದಿನ ಅಂಚಿನ ಹತ್ತಿರ ಸೂಜಿಗಳ ಮೇಲೆ ಹಾದುಹೋಗುವ ಒಂದು ಉದ್ದ ಲೋಹದ ಪಟ್ಟಿ ಇದೆ, ಪಕ್ಕದಿಂದ ಎಳೆದರೆ ಹೊರಗೆ ಬರುತ್ತದೆ. ಅದರೊಳಗೆ ಸ್ಪಂಜ್ ಇರುತ್ತದೆ. ಸೂಜಿಗಳನ್ನು ಕೆಳಗೆ ಒತ್ತಿ ಹಿಡಿಯುವುದು ಅದರ ಕೆಲಸ. ವರ್ಷಗಳು ಕಳೆದಂತೆ ಸ್ಪಂಜ್ ಸವೆದು, ಜಿಗುಟಾಗಿ, ಕೊನೆಗೆ ಪುಡಿಯಾಗುತ್ತದೆ. ಆಗ ಸೂಜಿಗಳು ತಲೆ ಎತ್ತುತ್ತವೆ, ಕ್ಯಾರೇಜ್ ಅವಕ್ಕೆ ಡಿಕ್ಕಿ ಹೊಡೆಯುತ್ತದೆ, ಕುಣಿಕೆ ಉದುರುತ್ತದೆ, ಸೂಜಿ ಬಾಗುತ್ತದೆ. ನನ್ನ ಮೊದಲ ಯಂತ್ರದಲ್ಲಿ ಮೂರು ದಿನ ಕುಣಿಕೆಯ ಗಾತ್ರ ಬದಲಿಸುವ ಟೆನ್ಷನ್ ಡಯಲ್ ತಿರುಗಿಸಿದ್ದೇ ತಿರುಗಿಸಿದ್ದು, ನೂಲು ಬದಲಿಸಿದ್ದೇ ಬದಲಿಸಿದ್ದು. ನಾಲ್ಕನೇ ದಿನ ಆ ಪಟ್ಟಿ ಎಳೆದರೆ ಸ್ಪಂಜ್ ಇದ್ದ ಜಾಗದಲ್ಲಿ ಕಂದು ಬಣ್ಣದ ಅಂಟು ಬಿಟ್ಟರೆ ಏನೂ ಇಲ್ಲ. ಬೆರಳಿಗೆ ಹತ್ತಿದ್ದು ಸಂಜೆವರೆಗೆ ಹೋಗಲಿಲ್ಲ. ಹಾಗಾಗಿ ಹಳೇ ಯಂತ್ರ ಕೊಂಡರೆ ಜೊತೆಗೇ ಹೊಸ ಸ್ಪಂಜ್ ಪಟ್ಟಿಯನ್ನೂ ತರಿಸಿ. ಇಲ್ಲ, ಹಳೇ ಪಟ್ಟಿಯನ್ನು ತಿಕ್ಕಿ ತೊಳೆದು ಹೊಸ ಸ್ಪಂಜ್ ಅಂಟಿಸಿಕೊಳ್ಳಿ. ಸರಿಯಾದ ಪಟ್ಟಿ ಇದ್ದಾಗ ಸೂಜಿಯನ್ನು ಬೆರಳಿನಿಂದ ತಳ್ಳಿದರೆ ಸ್ವಲ್ಪ ತಡೆದ ಹಾಗೆ ಆಗಿ ಸಾಗುತ್ತದೆ. ಸಡಿಲವಾಗಿ ಲೊಡಲೊಡ ಅಂದರೆ ಸ್ಪಂಜ್ ಸತ್ತಿದೆ.

ಪಟ್ಟಿ ಹೊರಗಿದ್ದಾಗಲೇ ಸೂಜಿಗಳನ್ನೂ ತೆಗೆದು ಸ್ಪಿರಿಟ್‌ನಲ್ಲಿ ನೆನೆಸಿ ಒರೆಸಿ. ಒಂದೊಂದರ ನಾಲಿಗೆಯನ್ನೂ ಆಡಿಸಿ ನೋಡಿ, ಬಿಗಿಯಾಗಿದ್ದರೆ ಅಥವಾ ವಾಲಿದ್ದರೆ ಬದಲಿಸಿ. ಬಾಗಿದ ಸೂಜಿ ಪತ್ತೆ ಹಚ್ಚಲು ಸಮತಟ್ಟಾದ ಗಾಜಿನ ಮೇಲೆ ಮಲಗಿಸಿ ನೋಡಿದರೆ ಸಾಕು. ಒಂದೆರಡು ವಾಲಿದವು ಮಾತ್ರ ಇದ್ದರೆ, ಹೊಸದು ಬರುವವರೆಗೆ ಬೆಡ್ಡಿನ ಕೊನೆಯಲ್ಲಿರುವ ಒಳ್ಳೆ ಸೂಜಿ ತಂದು ಮಧ್ಯಕ್ಕೆ ಹಾಕಿ, ಕೆಟ್ಟದ್ದನ್ನು ಮೂಲೆಗೆ ಕಳಿಸಿ.

ಕ್ಯಾರೇಜಿನ ಗುಂಡಿ ಒತ್ತಲು ಬಾರದಿದ್ದರೆ ಮುರಿದಿದೆ ಅಂತ ತಿಳಿಯಬೇಡಿ, ಹಳೇ ಎಣ್ಣೆ ಗಟ್ಟಿಯಾಗಿ ಅಂಟಿನಂತೆ ಹಿಡಿದಿರುತ್ತದೆ. ಅದನ್ನು ಕರಗಿಸಿ ಒರೆಸಿ, ಆಮೇಲೆ ಹೊಲಿಗೆ ಯಂತ್ರದ ತೆಳು ಎಣ್ಣೆ ಒಂದೆರಡು ಹನಿ. ಅಡುಗೆ ಎಣ್ಣೆ ಮಾತ್ರ ಬೇಡ, ಹಾಕಿದವರನ್ನು ನೋಡಿದ್ದೇನೆ! ಕ್ಯಾರೇಜಿನ ಮುಂದಿನ ತಟ್ಟೆಯನ್ನು ತಿರುಗಿಸಿದರೆ ಸಣ್ಣ ಬ್ರಷ್ ಚಕ್ರಗಳು ಕಾಣುತ್ತವೆ. ಅವಕ್ಕೆ ನೂಲಿನ ಎಳೆ, ತಲೆಕೂದಲು ಸುತ್ತಿಕೊಂಡಿರುತ್ತದೆ. ಬ್ಲೇಡಿನಿಂದ ಬಿಡಿಸಿ, ಊದಿದರೆ ತಿರುಗುವಷ್ಟು ಹಗುರಾಗಬೇಕು. ಇವು ಸೂಜಿಯ ನಾಲಿಗೆ ತೆರೆದಿಡುತ್ತವೆ. ಇವು ನಿಂತರೆ ಕುಣಿಕೆ ಬೀಳುವುದು ಗ್ಯಾರಂಟಿ.

ಬೇಕಂತಲೇ ಕೆಡಿಸಿ

ಈಗ ಹೆಣೆಯೋಣ. ನುಣುಪಾದ, ತಿಳಿ ಬಣ್ಣದ, ಎಳೆ ಬಿಡದ ನೂಲು ತೆಗೆದುಕೊಳ್ಳಿ. ಕಪ್ಪು ಬೇಡ, ಕುಣಿಕೆ ಕಾಣುವುದಿಲ್ಲ. ರೋಮ ರೋಮದ ಉಣ್ಣೆ ಬೇಡ, ಬಿಚ್ಚಲಾಗುವುದಿಲ್ಲ. 40 ಸೂಜಿ ಮುಂದೆ ತಂದು, ಪ್ರತಿ ಸೂಜಿಗೂ ನೂಲನ್ನು ಸುತ್ತಿ ಸಡಿಲವಾಗಿ ಕುಣಿಕೆ ಹಾಕಿ, ಎರಡು ಮೂರು ಸಾಲು ನಿಧಾನವಾಗಿ ಎಳೆದು, ಎರಡೂ ಅಂಚಿಗೆ ತೂಕದ ಕೊಕ್ಕೆ ನೇತು ಹಾಕಿ. 30 ಸಾಲು ಸುಮ್ನೆ ಹೋಗಲಿ.

ಇನ್ನು ನಡುವಿನ ಒಂದು ಸೂಜಿಯ ಕುಣಿಕೆಯನ್ನು ಬೇಕಂತಲೇ ಬೀಳಿಸಿ. ಕೆಳಗೆಳೆದು ಹತ್ತು ಸಾಲು ಏಣಿಯ ಹಾಗೆ ಬಿಚ್ಚಲಿ. ಲ್ಯಾಚ್ ಟೂಲ್ ಎಂದರೆ ಹಿಡಿಕೆ ಇರುವ ಅದೇ ನಾಲಿಗೆ ಸೂಜಿ. ಯಂತ್ರದ ಮೇಲೆ ನಿಮಗೆ ಕಾಣುವುದು ಬಟ್ಟೆಯ ಹಿಮ್ಮುಖ, ಅಂದರೆ ಉಬ್ಬು ಗೆರೆಯ ಕಡೆ. ಹಾಗಾಗಿ ಟೂಲನ್ನು ಬಟ್ಟೆಯ ಹಿಂದಿನಿಂದ ತಂದು ಬಿದ್ದ ಕುಣಿಕೆಗೆ ಹಾಕಬೇಕು. ಕುಣಿಕೆ ನಾಲಿಗೆಯ ಹಿಂದೆ ಹೋಗಲಿ, ಏಣಿಯ ಮೊದಲ ಮೆಟ್ಟಿಲನ್ನು ಕೊಕ್ಕೆಯಲ್ಲಿ ಹಿಡಿಯಿರಿ, ಎಳೆಯಿರಿ, ಕುಣಿಕೆ ಜಾರಿತು. ಮುಂದಿನ ಮೆಟ್ಟಿಲು. ಹತ್ತೂ ಹತ್ತಿ ಮೇಲೆ ಬಂದು ಸೂಜಿಯ ಕೊಕ್ಕೆಗೆ ಹಾಕಿ. ಮುಂದಿನಿಂದ ಎತ್ತಿದರೆ ಅಲ್ಲೊಂದು ರಿಬ್ ಗೆರೆ ಮೂಡುತ್ತದೆ. ಅದು ತಪ್ಪಲ್ಲ, ಎಲ್‌ಕೆ-150ರವರು ರಿಬ್ ಮಾಡುವುದೇ ಹೀಗೆ. ಒಂದು ಪಾಠದಲ್ಲಿ ಎರಡು ವಿದ್ಯೆ ಬಂತು ನೋಡಿ.

ಆಮೇಲೆ ಇಡೀ ಸಾಲು ಬಿಚ್ಚಿ. ನೂಲನ್ನು ಫೀಡರ್‌ನಿಂದ, ಅಂದರೆ ಕ್ಯಾರೇಜಿನಲ್ಲಿ ನೂಲು ಹಾಕುವ ಜಾಗದಿಂದ, ಹೊರತೆಗೆದು, ಹೆಣಿಗೆ ಮುಗಿದ ಕಡೆಯಿಂದ ಒಂದೊಂದೇ ಕುಣಿಕೆಯ ನೂಲನ್ನು ಮೇಲಕ್ಕೆ, ಸ್ವಲ್ಪ ಹಿಂದಕ್ಕೆ ಎಳೆದರೆ ಕೆಳಗಿನ ಸಾಲಿನ ಕುಣಿಕೆ ತಾನಾಗಿ ಕೊಕ್ಕೆಗೆ ಹತ್ತುತ್ತದೆ. ಮೂರು ಸಾಲು ಬಿಚ್ಚಿ. ಬಿಚ್ಚಿದಷ್ಟು ಸಾಲು ಕೌಂಟರನ್ನೂ ಹಿಂದೆ ತಿರುಗಿಸಿ. ಇದನ್ನು ಮರೆತು ಒಂದು ತೋಳು ಇನ್ನೊಂದಕ್ಕಿಂತ ನಾಲ್ಕು ಸಾಲು ಉದ್ದ ಮಾಡಿಕೊಂಡಿದ್ದೇನೆ.

ಕ್ಯಾರೇಜ್ ಸಿಕ್ಕಿಹಾಕಿಕೊಳ್ಳುವುದೇ ಎಲ್ಲರನ್ನೂ ಹೆದರಿಸುವುದು. ಮಧ್ಯದಲ್ಲಿ ಕಟ್ ಅಂತ ನಿಂತಿತು. ಮೊದಲ ನಿಯಮ, ಜೋರು ಮಾಡಬೇಡಿ. ಎರಡನೇ ನಿಯಮವೂ ಅದೇ. ತಳ್ಳಿದರೆ ಸೂಜಿ ಬಾಗುತ್ತದೆ, ಕೆಲವೊಮ್ಮೆ ಬೆಡ್ಡಿನ ಹಲ್ಲೂ ಹೋಗುತ್ತದೆ. ತೂಕಗಳನ್ನು ಬಿಚ್ಚಿ. ನೂಲು ಸಡಿಲಿಸಿ. ಬಂದ ದಿಕ್ಕಿಗೇ ಮೆಲ್ಲಗೆ ವಾಪಸ್ ಅಲುಗಿಸಿ ನೋಡಿ. ಬಾರದಿದ್ದರೆ ಕ್ಯಾರೇಜನ್ನು ನಡುದಾರಿಯಲ್ಲೇ ಎತ್ತಲು ನಿಮ್ಮ ಯಂತ್ರದಲ್ಲಿ ಏನು ದಾರಿ ಇದೆ ಎಂಬುದು ಮ್ಯಾನುವಲ್‌ನಲ್ಲಿ ಇರುತ್ತದೆ, ಅದನ್ನು ಸಿಕ್ಕಿಹಾಕಿಕೊಂಡ ದಿನ ಹುಡುಕುವ ಬದಲು ಇವತ್ತೇ, ಖಾಲಿ ಬೆಡ್ಡಿನ ಮೇಲೆ, ಎರಡು ಸಲ ಮಾಡಿ ನೋಡಿ. ಎತ್ತಿದ ಮೇಲೆ ಅರ್ಧಕ್ಕೆ ನಿಂತ ಸೂಜಿಗಳನ್ನು ಒಂದೊಂದಾಗಿ ಜಾಗಕ್ಕೆ ತನ್ನಿ, ಸಾಲನ್ನು ಬಿಚ್ಚಿ, ಮತ್ತೆ ಹೆಣೆಯಿರಿ.

ಯಾಕೆ ಸಿಕ್ಕಿಕೊಂಡಿತು ಅಂತ ನೋಡದೆ ಮುಂದೆ ಹೋಗಬೇಡಿ. ನೂಲಿನ ಉಂಡೆ ಕೆಳಗೆ ಎಲ್ಲೋ ಬಿಗಿದಿರಬಹುದು, ನೂಲನ್ನು ಬಿಗಿ ಹಿಡಿಯುವ ಟೆನ್ಷನ್ ಕಡ್ಡಿಯ ಮೇಲೆ ನೂಲು ಸುತ್ತಿಕೊಂಡಿರಬಹುದು, ದಪ್ಪ ನೂಲಿಗೆ ಡಯಲ್ ತುಂಬಾ ಸಣ್ಣ ಸಂಖ್ಯೆಯಲ್ಲಿರಬಹುದು. ಅಂಚಿನಲ್ಲಿ ನೂಲು ಜೋತು ಬಿದ್ದು ಕುಣಿಕೆಯಾಗುತ್ತಿದ್ದರೆ ನೀವು ಕ್ಯಾರೇಜನ್ನು ಬಟ್ಟೆ ದಾಟಿ ತುಂಬಾ ದೂರ ಒಯ್ಯುತ್ತಿದ್ದೀರಿ. ಸಾದಾ ಹೆಣಿಗೆಯಲ್ಲಿ ಕೊನೆಯ ಸೂಜಿ ದಾಟಿ ಎರಡು ಮೂರು ಸೆ.ಮೀ. ಸಾಕು.

ಅಳತೆಯ ತುಂಡನ್ನೂ ಈ ಹಂತದಲ್ಲೇ ಕಲಿತುಬಿಡಿ. 40 ಕುಣಿಕೆ, 60 ಸಾಲು, ಮೊದಲೂ ಕೊನೆಗೂ ಬೇರೆ ಬಣ್ಣದ, ಆಮೇಲೆ ಬಿಚ್ಚಿ ತೆಗೆಯುವ ವೇಸ್ಟ್ ನೂಲಿನ ಕೆಲವು ಸಾಲು, 40ರ ಎರಡೂ ಪಕ್ಕ ಇನ್ನೂ ನಾಲ್ಕೈದು ಸೂಜಿ. ಯಂತ್ರದಿಂದ ಬಿಚ್ಚಿದಾಗ ಬಟ್ಟೆ ಉದ್ದುದ್ದ ಎಳೆದುಕೊಂಡಿರುತ್ತದೆ. ಒಗೆದು ಒಣಗಿಸಿ ಅಳೆಯಿರಿ. 40 ಕುಣಿಕೆ 16 ಸೆ.ಮೀ. ಬಂತು ಅನ್ನಿ, 10 ಸೆ.ಮೀ.ಗೆ 25. ಮುಂಭಾಗ 50 ಸೆ.ಮೀ. ಅಗಲ ಬೇಕಾದರೆ 125, ಹೊಲಿಗೆಗೆ ಎರಡು ಸೇರಿಸಿ 127. 60 ಸಾಲು 15 ಸೆ.ಮೀ. ಬಂದರೆ 60 ಸೆ.ಮೀ. ಉದ್ದಕ್ಕೆ 240 ಸಾಲು. ಒಗೆಯದೆ ಅಳೆದು ಮಾಡಿದ ನನ್ನ ಮೊದಲ ಸ್ವೆಟರ್ ಈಗ ಪಕ್ಕದ ಮನೆಯ ಹುಡುಗನ ಮೈಮೇಲಿದೆ.

ಪಂಚ್‌ಕಾರ್ಡ್

ಇಲ್ಲಿಗೆ ಬರುವಷ್ಟರಲ್ಲಿ ಕೈ ಪಳಗಿರುತ್ತದೆ. ಒಂದು ದಿನಕ್ಕೆ ಒಂದೇ ಹೊಸ ಗುಂಡಿ, ಅದೂ ಒಂದೇ ನೂಲಿನಲ್ಲಿ. ಮೊದಲು ಸ್ಲಿಪ್, ಆಮೇಲೆ ಟಕ್, ಆಮೇಲೆ ಎರಡು ಬಣ್ಣ. ಲೇಸ್ ಕೊನೆಗೆ.

ಬ್ರದರ್‌ನ ಕ್ರಮ ಹೇಳುತ್ತೇನೆ. ಕಾರ್ಡ್ ಹಾಕಿ, ಓಡದ ಹಾಗೆ ಲಾಕ್ ಮಾಡಿ. ಕ್ಯಾರೇಜಿನ ನಾಬನ್ನು ಕೆಸಿ (KC) ಎಂಬ ಗುರುತಿಗೆ ತಿರುಗಿಸಿ, ಬೆಡ್ಡಿನ ತಿರುವಿನ ಗುರುತು ದಾಟಿಸಿ ಒಂದು ಸಾಲು ಎಳೆಯಿರಿ. ಈ ಸಾಲಿನಲ್ಲಿ ಹೆಣಿಗೆ ಸಾದಾ, ಆದರೆ ತೂತು ಇರುವ ಕಡೆಯ ಸೂಜಿಗಳು ಡಿ ಸ್ಥಾನಕ್ಕೆ, ಅಂದರೆ ಉಳಿದವಕ್ಕಿಂತ ಮುಂದಕ್ಕೆ, ಬಂದು ನಿಲ್ಲುತ್ತವೆ. ಎದ್ದು ಹೋಗಿ ಕಾಫಿ ಕುಡಿದು ಬಂದರೂ ಅಲ್ಲೇ ಇರುತ್ತವೆ, ಅವಸರವಿಲ್ಲ. ಕಾರ್ಡಿನ ಸಾಲಿಗೆ ಹೋಲಿಸಿ ನೋಡಿ. ಈಗ ಲಾಕ್ ತೆಗೆದು, ಬೇಕಾದ ಗುಂಡಿ ಒತ್ತಿ, ಮುಂದುವರಿಯಿರಿ. ಸ್ಲಿಪ್‌ನಲ್ಲಿ ಮುಂದೆ ಬಂದ ಸೂಜಿ ಹೆಣೆಯುತ್ತದೆ, ಉಳಿದದ್ದು ಸುಮ್ಮನಿರುತ್ತದೆ. ಟಕ್‌ನಲ್ಲಿ ಉಳಿದದ್ದು ನೂಲು ಹಿಡಿದಿಟ್ಟುಕೊಳ್ಳುತ್ತದೆ, ಹೆಣೆಯುವುದಿಲ್ಲ. ಫೇರ್ ಐಲ್‌ನಲ್ಲಿ ಮುಂದೆ ಬಂದದ್ದು ಎರಡನೇ ಬಣ್ಣ, ಹಿಂದಿದ್ದದ್ದು ಮೊದಲ ಬಣ್ಣ.

ಕಾರ್ಡ್ ವಿಷಯದಲ್ಲಿ ಒಂದು ಗೊಂದಲ ಎಲ್ಲರಿಗೂ ಆಗುತ್ತದೆ. ನಿಮ್ಮ ಕಣ್ಣಿಗೆ ಕಾಣುವ ಸಾಲು ಯಂತ್ರ ಓದುತ್ತಿರುವ ಸಾಲಲ್ಲ. ಬ್ರದರ್ 7 ಸಾಲು ಕೆಳಗೆ ಓದುತ್ತದೆ, ಸಿಲ್ವರ್ ರೀಡ್ 5 ಸಾಲು. ಕಾರ್ಡಿನ ಮೇಲಿನ ಸಂಖ್ಯೆಗಳನ್ನು ಆಯಾ ಯಂತ್ರಕ್ಕೆ ಸರಿಯಾಗಿಯೇ ಅಚ್ಚು ಹಾಕಿರುತ್ತಾರೆ, ಆದ್ದರಿಂದ ಒಂದರ ಕಾರ್ಡ್ ಇನ್ನೊಂದಕ್ಕೆ ಹಾಕಿದಾಗ ಡಿಸೈನ್ ಬಂದರೂ ಸಂಖ್ಯೆ ತಾಳೆಯಾಗುವುದಿಲ್ಲ. ಡಿಸೈನ್ ನಡುವೆ ಸಾಲು ಬಿಚ್ಚಿದರೆ ಕಾರ್ಡನ್ನೂ ಅಷ್ಟೇ ಸಾಲು ಹಿಂದೆ ತಿರುಗಿಸಬೇಕು.

ನಿಮ್ಮದೇ ಕಾರ್ಡ್ ತೂತು ಮಾಡಿಕೊಳ್ಳುವುದಾದರೆ, ಟಕ್‌ಗೆ ಪಕ್ಕಪಕ್ಕದ ಎರಡು ಸೂಜಿಗಳ ಜಾಗವನ್ನು ತೂತಿಲ್ಲದೆ ಬಿಡಬೇಡಿ. ಎರಡು ಬಣ್ಣಕ್ಕೆ ಒಂದೇ ಬಣ್ಣ ಐದಾರು ಸೂಜಿಗಿಂತ ಜಾಸ್ತಿ ಸಾಗದಿರಲಿ, ಹಿಂದೆ ಜೋತ ಎಳೆಗೆ ಬೆರಳು, ಉಂಗುರ ಸಿಕ್ಕಿಕೊಳ್ಳುತ್ತದೆ. ಎರಡು ಬಣ್ಣದ ಬಟ್ಟೆ ಕುಗ್ಗುವುದರಿಂದ ಡಯಲ್ ಒಂದು ಸಂಖ್ಯೆ ಏರಿಸಿ ಇನ್ನೊಂದು ಅಳತೆಯ ತುಂಡು ಮಾಡಿ.

ರಿಬ್ಬರ್

ಒಳ್ಳೊಳ್ಳೆಯವರೂ ಇಲ್ಲಿ ಕೈ ಚೆಲ್ಲುತ್ತಾರೆ. ಎರಡನೇ ಬೆಡ್ ಎದುರಿಗೆ ಬಂದು ಕೂತಾಗ ಬಟ್ಟೆ ಎರಡರ ನಡುವಿನ ಸಂದಿಯಲ್ಲಿ ಇಳಿಯುತ್ತದೆ, ಏನಾಗುತ್ತಿದೆ ಅಂತ ಕಾಣುವುದೇ ಇಲ್ಲ. ಒಂದು ಟಾರ್ಚ್ ಹತ್ತಿರ ಇರಲಿ.

ನೂಲು ಹಾಕುವ ಮೊದಲು ಎರಡೂ ಬೆಡ್ಡಿನ ಸೂಜಿಗಳನ್ನು ಕೈಯಿಂದ ಮುಂದೆ ತಂದು ಒಂದಕ್ಕೊಂದು ಹೇಗೆ ನಿಲ್ಲುತ್ತವೆ ನೋಡಿ. ಬ್ರದರ್ ರಿಬ್ಬರಿನಲ್ಲಿ ಪಿ, ಎಚ್ ಎಂಬ ಸಣ್ಣ ಲಿವರ್ ಇದೆ. ಎಚ್‌ನಲ್ಲಿ ಎದುರು ಸೂಜಿ ನಿಮ್ಮ ಎರಡು ಸೂಜಿಗಳ ನಡುವೆ ಬರುತ್ತದೆ, ಪಿಯಲ್ಲಿ ನೇರ ಎದುರಿಗೆ. ಪಿಯಲ್ಲಿಟ್ಟು ಎರಡೂ ಬೆಡ್ಡಿನ ಎಲ್ಲ ಸೂಜಿ ಹೆಣೆಯಲು ಬಿಟ್ಟರೆ ಕೊಕ್ಕೆಗೆ ಕೊಕ್ಕೆ ಡಿಕ್ಕಿ. ಆ ಸದ್ದು ಒಮ್ಮೆ ಕೇಳಿದ್ದೇನೆ, ಇನ್ನೊಮ್ಮೆ ಬೇಡ. ಒಂದು ಬಿಟ್ಟು ಒಂದು ಸೂಜಿಯ ರಿಬ್‌ಗೆ ಪಿ, ಎಲ್ಲ ಸೂಜಿಯ ರಿಬ್‌ಗೆ ಎಚ್.

ಶುರು ಮಾಡುವ ಕ್ರಮ ಇಷ್ಟು. ಡಯಲ್ ತುಂಬಾ ಬಿಗಿಯಾಗಿಟ್ಟು ಒಂದು ಸಾಲು ಎಳೆದರೆ ನೂಲು ಎರಡೂ ಬೆಡ್ ನಡುವೆ ಹಾವಿನ ಹಾಗೆ ಅಂಕುಡೊಂಕಾಗಿ ಕೂರುತ್ತದೆ. ರಿಬ್ಬರಿನ ಬಾಚಣಿಗೆ, ಅಂದರೆ ನೂಲಿಗೆ ತೂಕ ನೇತು ಹಾಕುವ ಹಲ್ಲಿನ ಪಟ್ಟಿ, ಅದರ ತಂತಿ ಹೊರತೆಗೆದು, ಬಾಚಣಿಗೆಯನ್ನು ಕೆಳಗಿನಿಂದ ಹಲ್ಲುಗಳು ಆ ನೂಲಿನ ನಡುವೆ ಮೇಲೆ ಬರುವಂತೆ ತಂದು, ತಂತಿಯನ್ನು ಹಲ್ಲುಗಳ ತೂತಿನಲ್ಲಿ ತೂರಿಸಿ. ಈಗ ಬಾಚಣಿಗೆ ನೂಲಿಗೆ ನೇತಾಡುತ್ತದೆ, ತೂಕ ಹಾಕಿ. ಮುಂದೆ ಎರಡು ಮೂರು ಸಾಲು ಕೊಳವೆಯಂತೆ, ಅಂದರೆ ಹೋಗುವಾಗ ಒಂದು ಬೆಡ್, ಬರುವಾಗ ಇನ್ನೊಂದು. ಆಮೇಲೆ ಎರಡೂ ಸೇರಿ ರಿಬ್. ಕುಣಿಕೆ ಎದ್ದು ಎದ್ದು ಬರುತ್ತಿದ್ದರೆ ತೂಕ ಕಡಿಮೆ, ಅಥವಾ ರಿಬ್ಬರ್ ಕೆಳಗೆ ಇಳಿದಿದೆ, ಅಥವಾ ಎರಡು ಬೆಡ್ ಸರಿಯಾಗಿ ಜೋಡಿಯಾಗಿಲ್ಲ. ತೂಕದಿಂದ ಶುರು ಮಾಡಿ, ಅದು ಸುಲಭ.

ನನಗೆ ರಿಬ್ಬರ್ ಕೈಹಿಡಿದದ್ದು ಏಳನೇ ಸಲ. ಆರನೆಯದರವರೆಗೆ ಎಲ್ಲ ಕಿತ್ತು ಹಾಕಿದ್ದು ಒಂದೇ ನೂಲು, ಅದು ಕೊನೆಗೆ ಹತ್ತಿಯ ಹಾಗೆ ಆಗಿತ್ತು.

ತಾನಾಗಿ ಓಡುವ ಗಾರ್ಟರ್ ಕ್ಯಾರೇಜ್ ಕೂಡ ಇದೆ, ಬ್ರದರ್‌ನ ಕೆಜಿ-88, ಕೆಜಿ-93, ಕೆಜಿ-95. ಸಣ್ಣ ಮೋಟಾರ್ ಹೊತ್ತು ಒಂದೊಂದೇ ಕುಣಿಕೆ ಸೀದಾ, ಉಲ್ಟಾ ಹೆಣೆಯುತ್ತಾ ಆಮೆಯಂತೆ ಹೋಗುತ್ತದೆ. ಒಂದು ಸಾಲಿಗೇ ನಿಮಿಷಗಳು. ಹತ್ತಿರದ ಕೋಣೆಯಲ್ಲಿ ಅದರ ಟಕಟಕ ಕೇಳುತ್ತಾ ಬೇರೆ ಕೆಲಸ ಮಾಡುವುದು ಹಿತ, ಆದರೆ ಕಣ್ಣಳತೆಯಲ್ಲಿರಲಿ.

ಇನ್ನೊಂದು, ರಾತ್ರಿ ಹನ್ನೊಂದಕ್ಕೆ ಕೆಟ್ಟರೆ ಆಗಲೇ ಸರಿ ಮಾಡಲು ಕೂರಬೇಡಿ. ಎಲ್ಲ ಕುಣಿಕೆ ಸೂಜಿಯಲ್ಲಿದೆಯೇ ನೋಡಿ, ನಿಮ್ಮ ನೂಲು ತೆಗೆದು ಬೇರೆ ಬಣ್ಣದ ವೇಸ್ಟ್ ನೂಲು ಹಾಕಿ ಎಂಟು ಸಾಲು ಸಾದಾ ಹೆಣೆಯಿರಿ. ಫೀಡರ್‌ನಿಂದ ನೂಲು ತೆಗೆದು ಕ್ಯಾರೇಜ್ ಖಾಲಿ ಎಳೆದರೆ ಇಡೀ ತುಂಡು ಕಳಚಿ ಮಡಿಲಿಗೆ ಬೀಳುತ್ತದೆ. ಏನೂ ಬಿಚ್ಚಿಹೋಗುವುದಿಲ್ಲ. ಬೆಳಿಗ್ಗೆ ಬೆಳಕಿನಲ್ಲಿ ವೇಸ್ಟ್ ನೂಲನ್ನು ಮಡಚಿ, ಅದರ ಬುಡದಲ್ಲಿರುವ ನಿಮ್ಮ ಬಣ್ಣದ ಕುಣಿಕೆಗಳನ್ನು ಒಂದೊಂದಾಗಿ ಸೂಜಿಗೆ ಏರಿಸಿಕೊಳ್ಳಬಹುದು. ಏರಿಸಿ ಮುಗಿದ ಮೇಲೆ ವೇಸ್ಟ್ ನೂಲಿನ ತುದಿ ಹಿಡಿದು ಎಳೆಯಿರಿ, ಸರ್ರನೆ ಬಿಚ್ಚಿಕೊಂಡು ಬರುತ್ತದೆ.